ಉಣ್ಣೋ ಕೈ ಕಡೆಯವರು

ನನ್ನ ಬರೆಯುವ ಮೇಜಿನ ಮೇಲೆ ಒಂದು ನಿಂಬೆಹಣ್ಣು ಒಣಗುತ್ತಿದೆ. ಬಂದಾಗ ಹೊಳೆಯುವ ಹಳದಿಯಾಗಿತ್ತು. ಕ್ರಮೇಣ ಕಂದಿತು, ಸುಕ್ಕಿತು. ಈಗ ಜಾಯಿಕಾಯಿಯಷ್ಟಾಗಿ, ಹಾಳೆ ಹಾರದಂತೆ ಒತ್ತಿಡುವ ಕೆಲಸಕ್ಕೂ ಬಾರದಷ್ಟು ಹಗುರವಾಗಿದೆ. ನನ್ನ ಹೆಂಡತಿ ಸುಶೀಲ ಧೂಳು ಹೊಡೆಯುವಾಗಲೆಲ್ಲ ಅದನ್ನು ಎತ್ತಿ ನೋಡಿ, "ಉಪ್ಪಿನಕಾಯಿಗೂ ಆಗಲ್ಲ, ಮಾಟಕ್ಕೂ ಆಗಲ್ಲ, ಇದನ್ನ ಯಾವ ಸಂಶೋಧನೆಗೆ ಇಟ್ಕೊಂಡಿದ್ದೀರಿ?" ಎಂದು ಕೇಳುತ್ತಾಳೆ. ಸಂಶೋಧನೆ ಮುಗಿದಿದೆ ಎಂದರೆ ನಂಬುವುದಿಲ್ಲ. ಇತಿಹಾಸದ ಸಂಶೋಧನೆಯ ಕೆಲಸದಿಂದ ನಿವೃತ್ತನಾದ ಮೇಲೂ, ಮದುವೆಯ ಕರೆಯೋಲೆ ಬಂದರೆ ಅದರಲ್ಲಿ ಅಚ್ಚಾಗಿರುವ ತಿಥಿಗೂ ವಾರಕ್ಕೂ ತಾಳೆಯಿದೆಯೇ ಎಂದು ಪಂಚಾಂಗ ತೆಗೆದು ನೋಡುವ ಗಂಡನ ವಿಷಯದಲ್ಲಿ ಅವಳ ಅಪನಂಬಿಕೆ ನ್ಯಾಯವಾದದ್ದೇ.

ನಮ್ಮ ಹಳೇ ಮೈಸೂರು ಸೀಮೆಯಲ್ಲಿ ನಿಂಬೆಹಣ್ಣೆಂಬುದು ಬರಿಯ ಹಣ್ಣಲ್ಲ. ದೊಡ್ಡವರನ್ನು ಕಾಣಹೋಗುವವರು ಬರಿಗೈಯಲ್ಲಿ ಹೋಗಬಾರದು. ಹಾಗೆಂದು ಹೊರೆ ಹೊತ್ತುಕೊಂಡೂ ಹೋಗಬೇಕಿಲ್ಲ. ಒಂದು ನಿಂಬೆಹಣ್ಣು ಸಾಕು. ತಾಲ್ಲೂಕಿನ ಅಧಿಕಾರಿಯಾದ ಅಮಲ್ದಾರರು ಊರಿಗೆ ಬಂದರೆ ಪಟೇಲನಾದವನು ಹಣ್ಣನ್ನು ಬಲಗೈಯಲ್ಲಿಟ್ಟುಕೊಂಡು, ಎಡಗೈಯನ್ನು ಬಲ ಮೊಣಕೈಗೆ ತಾಗಿಸಿ, ನಡು ಬಾಗಿಸಿ ಒಪ್ಪಿಸುತ್ತಿದ್ದ. ಪಡೆಯುವವರೂ ಬಲಗೈಯಲ್ಲೇ ಪಡೆಯಬೇಕು. ನನ್ನ ಮೇಜಿನ ಮೇಲಿರುವ ಹಣ್ಣನ್ನು ಕೊಟ್ಟವರು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ನಿಂಗಮ್ಮನವರು. ಕಳೆದ ಪಿತೃಪಕ್ಷದಲ್ಲಿ ನನ್ನನ್ನು ಬೀಳ್ಕೊಡುವಾಗ ಅವರ ಬಲಗೈ ನನ್ನತ್ತ ಬಂತು; ಅದನ್ನು ಸ್ವೀಕರಿಸಲು ಮುಂದೆ ಹೋದದ್ದು ನನ್ನ ಎಡಗೈ. ಅವರು ನೋಡಿದರು, ಬೈಯಲಿಲ್ಲ. ಎಡಗೈಯ ವಿಷಯದಲ್ಲಿ ಆ ತಾಯಿ ಬೈಯದೆ ಬಿಟ್ಟದ್ದು ಅವರ ಆಯಸ್ಸಿನಲ್ಲಿ ಅದೇ ಮೊದಲಿರಬೇಕು. ಅದಕ್ಕೊಂದು ಹಿನ್ನೆಲೆಯಿದೆ.

ನಾನು ಹುಟ್ಟು ಎಡಚ. ಶ್ರೀರಂಗಪಟ್ಟಣದ ನಮ್ಮ ಮನೆಯಲ್ಲಿ ಇದನ್ನು ಒಂದು ರೋಗವೆಂದೇ ಭಾವಿಸಿ, ವಾಸಿ ಮಾಡುವ ಹೊಣೆಯನ್ನು ಅಜ್ಜಿ ವಹಿಸಿಕೊಂಡಿದ್ದರು. ಊಟಕ್ಕೆ ಕೂತಾಗ ನನ್ನ ಎಡಗೈಯನ್ನು ತಮ್ಮ ಸೆರಗಿನ ತುದಿಯಲ್ಲಿ ಸುತ್ತಿ ಹಿಡಿದಿರುತ್ತಿದ್ದರು. ಕರಿಘಟ್ಟದ ಗುಡಿಯಲ್ಲಿ ತೀರ್ಥಕ್ಕೆ ನಾನು ಎಡಗೈ ಚಾಚಿದಾಗ ಅರ್ಚಕರು ಉದ್ಧರಣೆಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ, ನಾನು ಕೈ ಬದಲಿಸುವವರೆಗೆ ಕೆಳಗಿನ ಲೋಕಪಾವನಿ ಹೊಳೆಯ ಕಡೆ ನೋಡುತ್ತಾ ಕಾದಿದ್ದರು. ಹಿಂದೆ ನಿಂತ ಸರದಿಯೆಲ್ಲ ನಕ್ಕಿತ್ತು. ಶಾಲೆಯ ಮೇಷ್ಟರೂ ತಮ್ಮ ಪಾಲಿನ ಚಿಕಿತ್ಸೆ ನಡೆಸಿದರು. ಫಲವಾಗಿ ನಾನು ಬಲಗೈಯಲ್ಲಿ ಬರೆಯುತ್ತೇನೆ, ಬಲಗೈಯಲ್ಲಿ ಉಣ್ಣುತ್ತೇನೆ. ಆದರೆ ನನ್ನ ಎಡಗೈ ರಾಜ್ಯ ಕಳೆದುಕೊಂಡ ಪಾಳೇಗಾರನ ಹಾಗೆ, ಮೀಸೆ ಇಳಿಸಿಲ್ಲ. ಬೀಗ ತೆರೆಯುವಾಗ, ಪೆನ್ಸಿಲ್ಲು ಹೆರೆಯುವಾಗ, ಗಡ್ಡ ಹೆರೆಯುವಾಗ, ಮರೆವಿನಲ್ಲಿ ಏನನ್ನಾದರೂ ಇಸಿದುಕೊಳ್ಳುವಾಗ ತನ್ನ ಹಕ್ಕು ಚಲಾಯಿಸಿಯೇ ತೀರುತ್ತದೆ. ಇದರಿಂದಾಗಿ ನನಗೊಂದು ಗುಟ್ಟಿನ ಚಟ ಅಂಟಿತು. ವೃತ್ತಿಯ ನಿಮಿತ್ತ ನೋಡಿದ ಹಳೆಯ ಚಿತ್ರಗಳಲ್ಲೆಲ್ಲ ನಾನು ನನ್ನ ಕುಲದವರನ್ನು ಹುಡುಕುತ್ತಿದ್ದೆ. ವೀರಗಲ್ಲುಗಳಲ್ಲಿ ಕೂಡ. ಸಿಕ್ಕವರು ಕಡಿಮೆ.

ಆದ್ದರಿಂದ ಪುಟ್ಟಸ್ವಾಮಿ ತಂದ ಫೋಟೋವನ್ನು ನೋಡಿದಾಗ ನನಗಾದ ಸಂತೋಷವನ್ನು ನೀವು ಕ್ಷಮಿಸಬೇಕು.

ಪುಟ್ಟಸ್ವಾಮಿ ನಿಂಗಮ್ಮನವರ ಮಗ. ಕಬ್ಬು ಬೆಳೆಯುವವರು, ಹಸು ಕಟ್ಟಿದವರು, ಅರುವತ್ತು ದಾಟಿದರೂ ಬೈಕಿನಲ್ಲೇ ಓಡಾಡುವವರು. ಅವರ ಮನೆಯ ಗೇಟಿಗೆ 'ಕ್ಯಾಪ್ಟನ್ ನಿಲಯ' ಎಂಬ ಬೋರ್ಡಿದೆ. ಕ್ಯಾಪ್ಟನ್ ಎಂದರೆ ಅವರ ತಾಯಿಯ ತಂದೆ, ಮೈಸೂರು ಸಂಸ್ಥಾನದ ಕುದುರೆ ಪಡೆಯಲ್ಲಿದ್ದ ಸಣ್ಣೇಗೌಡರು. ಬೋರ್ಡಿನ ಪಕ್ಕದಲ್ಲಿ ಒಂದು ಕಲ್ಲು ನಿಲ್ಲಿಸಿ, ಅದರ ಮೇಲೆ ಅಜ್ಜನ ಹೆಸರು, ಹುದ್ದೆ, ಕಾಲ ಎಲ್ಲವನ್ನೂ ಕೆತ್ತಿಸಬೇಕೆಂಬುದು ಪುಟ್ಟಸ್ವಾಮಿಯ ಆಸೆ. ಕೆತ್ತಿಸಿದ ಮೇಲೆ ತಿದ್ದಲು ಬರುವುದಿಲ್ಲವಾದ್ದರಿಂದ ಯಾರೋ ನನ್ನ ಹೆಸರು ಹೇಳಿ ಕಳುಹಿಸಿದ್ದರು. ಅವರು ಎರಡು ಚಿತ್ರಗಳನ್ನು ತಂದಿದ್ದರು. ಒಂದು, ಕಟ್ಟು ಹಾಕಿಸಿದ ಕಪ್ಪುಬಿಳುಪಿನ ಹಳೆಯ ಪ್ರತಿ. ಇನ್ನೊಂದು, ಅದರಲ್ಲಿದ್ದ ಅಧಿಕಾರಿಯೊಬ್ಬರನ್ನೇ ಪಾಂಡವಪುರದ ಸ್ಟುಡಿಯೊ ಒಂದರಲ್ಲಿ ದೊಡ್ಡದು ಮಾಡಿಸಿ ಬಣ್ಣ ತುಂಬಿಸಿದ್ದು. ಎರಡನೆಯದರಲ್ಲಿ ಅಧಿಕಾರಿಯ ತುಟಿ ನಾಟಕದ ಅರ್ಜುನನ ತುಟಿಯಂತೆ ಕೆಂಪಾಗಿತ್ತು. ಹಿನ್ನೆಲೆಯಲ್ಲಿ ಯಾರೂ ಕೇಳದ ಒಂದು ಜಲಪಾತ ಧುಮುಕುತ್ತಿತ್ತು.

"ಇಷ್ಟು ಮಾಡ್ಸಿ ತಂದು ಗ್ವಾಡೆಗೆ ಹಾಕಿದ್ರೆ, ನಮ್ಮವ್ವ ಈಗ ತಕರಾರು ತೆಗೆದವ್ಳೆ ಸಾರ್. ಇವ್ನು ನಮ್ಮಪ್ಪ ಅಲ್ಲ ಅಂತಾಳೆ. ಐವತ್ತು ವರ್ಷದಿಂದ ಅವ್ಳೇ ಬೊಟ್ಟಿಟ್ಟು ಎಡೆ ಇಕ್ಕವ್ಳೆ, ಈಗ ಅಲ್ಲ ಅಂದ್ರೆ?" ಎಂದರು ಪುಟ್ಟಸ್ವಾಮಿ.

ನಾನು ಹಳೆಯ ಪ್ರತಿಯನ್ನು ಭೂತಗನ್ನಡಿಯ ಕೆಳಗಿಟ್ಟೆ. ಮೂವರಿದ್ದರು. ಇಬ್ಬರು ಸಮವಸ್ತ್ರಧಾರಿಗಳು ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತಿದ್ದಾರೆ. ನಮ್ಮ ಬಲಕ್ಕೆ ಕೂತವರು ಅಧಿಕಾರಿ: ಎದೆಗೆ ಅಡ್ಡಲಾಗಿ ಚರ್ಮದ ಪಟ್ಟಿ, ಸೊಂಟದಲ್ಲಿ ಕತ್ತಿ, ಪದಕಗಳು, ಮುಖದಲ್ಲಿ ನಗೆ. ಎಡಕ್ಕೆ ಕೂತ ತೆಳ್ಳನೆಯ ಮನುಷ್ಯನ ಮುಖದ ಅರ್ಧಭಾಗ ರುಮಾಲಿನ ನೆರಳಿನಲ್ಲಿದೆ. ಅವನ ತೋಳಿನ ಮೇಲೆ ನಾಮವನ್ನು ಹೋಲುವ ಮೂರು ಪಟ್ಟಿಗಳು. ಮೂರನೆಯವನು ಅಧಿಕಾರಿಯ ಪಕ್ಕದಲ್ಲಿ ಬಾಗಿ ನಿಂತ ಪಟೇಲ. ಅವನು ಅಧಿಕಾರಿಗೆ ನಿಂಬೆಹಣ್ಣು ಒಪ್ಪಿಸುತ್ತಿದ್ದಾನೆ, ಎಡಗೈಯಲ್ಲಿ!

ನನ್ನ ಆನಂದ ಅಲ್ಲಿಗೇ ನಿಲ್ಲಲಿಲ್ಲ. ಅಧಿಕಾರಿಯ ಕತ್ತಿ ಬಲಗಡೆಗೆ ಜೋತುಬಿದ್ದಿತ್ತು. ಬಲಗಡೆಯ ಕತ್ತಿಯನ್ನು ಹಿರಿಯುವುದು ಎಡಗೈ. ಅಂದರೆ ಒಂದೇ ಚಿತ್ರದಲ್ಲಿ ಇಬ್ಬರು! ಪದಕಗಳೂ ಬಲ ಎದೆಯ ಮೇಲಿದ್ದವು. ತನ್ನ ಪದಕವನ್ನು ಯೋಧನು ಎಡ ಎದೆಗೆ ಧರಿಸುತ್ತಾನೆ. ಬಲ ಎದೆಗೆ ಹಾಕಿಕೊಂಡರೆ ಅದು ತೀರಿಹೋದ ಬಂಧುವಿನದು. ಈ ಸೂಕ್ಷ್ಮ ನನಗೆ ಗೊತ್ತಿತ್ತು. ಗೊತ್ತಿರುವುದೇ ಕೆಲವೊಮ್ಮೆ ಅಪಾಯ. ಮೊದಲ ಮಹಾಯುದ್ಧದಲ್ಲಿ ಮಡಿದ ತಂದೆಯ ಪದಕಗಳನ್ನು ಧರಿಸಿದ, ಎಡಗೈಯಲ್ಲಿ ಕತ್ತಿ ಹಿರಿಯುವ, ಎಡಚ ಪಟೇಲನಿಂದ ಗೌರವ ಪಡೆಯುತ್ತಿರುವ ಯುವ ಅಧಿಕಾರಿಯೊಬ್ಬನ ಚರಿತ್ರೆಯನ್ನು ನಾನು ಆ ವಾರವೇ ಅಡಿಟಿಪ್ಪಣಿ ಸಹಿತ ಬರೆಯತೊಡಗಿದೆ. ಓದಿ ಹೇಳಿದಾಗ ಸುಶೀಲ, "ನಿಮ್ಮ ಕಣ್ಣಿಗೆ ಎಲ್ಲರೂ ಎಡಚರೇ," ಎಂದು ಕುಕ್ಕರಿನ ಕಡೆ ನಡೆದಳು. ನಾನದನ್ನು ದಾಂಪತ್ಯದ ಮಾಮೂಲು ಟೀಕೆಯೆಂದು ಬಗೆದೆ.

ಆದರೂ ತಕರಾರು ತೆಗೆದವರನ್ನು ವಿಚಾರಿಸದೆ ತೀರ್ಪು ಕೊಡುವುದು ಕ್ರಮವಲ್ಲ. ಕ್ಯಾತನಹಳ್ಳಿಗೆ ಹೋದೆ. ನಿಂಗಮ್ಮನವರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಹುಟ್ಟಿದ ದಿನ ಕೇಳಿದೆ. ಆಧಾರ್ ಕಾರ್ಡು ತೋರಿಸಿದರು: ಜನವರಿ ಒಂದು. ನಮ್ಮ ಹಳ್ಳಿಗಳ ಹಿರಿಯರೆಲ್ಲ ಒಟ್ಟಾಗಿ ಜನವರಿ ಒಂದರಂದೇ ಭೂಮಿಗಿಳಿದಿದ್ದಾರೆಂಬುದು ಯಾವ ಸಂಶೋಧಕನೂ ಬಿಡಿಸಲಾರದ ಒಗಟು. ಆದರೆ ಎರಡನೆಯ ಯುದ್ಧ ಶುರುವಾದ ವರ್ಷ ಹುಟ್ಟಿದವಳೆಂದು ಅವರ ತಾಯಿ ಹೇಳುತ್ತಿದ್ದರಂತೆ, ಅದನ್ನು ಒಪ್ಪಬಹುದು. ಮಗು ಅಂಬೆಗಾಲಿಡುವಷ್ಟರಲ್ಲಿ ಸಣ್ಣೇಗೌಡರು ಜ್ವರ ಬಂದು ತೀರಿಕೊಂಡರು. ತಂದೆಯ ಮುಖ ಮಗಳಿಗೆ ನೆನಪಿಲ್ಲ. ಚಿತ್ರದಲ್ಲಿರುವ ಮೊದಲ ಯುದ್ಧದ ಪದಕಗಳನ್ನೂ ಎರಡನೆಯ ಯುದ್ಧದ ಶುರುವಿನಲ್ಲೇ ಆದ ಈ ಸಾವನ್ನೂ ಸೇರಿಸಿ ನೋಡಿದರೆ, ಫೋಟೋ ತೆಗೆದದ್ದು ಆ ಎರಡು ಯುದ್ಧಗಳ ನಡುವಿನ ಯಾವುದೋ ಒಂದು ಮಧ್ಯಾಹ್ನ. ಮಧ್ಯಾಹ್ನವೆಂಬುದಕ್ಕೆ ಕುರ್ಚಿಗಳ ಮೋಟು ನೆರಳು ಸಾಕ್ಷಿ. ಅದಕ್ಕಿಂತ ಕಿರಿದಾದ ಕಾಲವನ್ನು ನಾನು ಪ್ರಮಾಣ ಮಾಡಿ ಹೇಳಲಾರೆ.

ನಿಂಗಮ್ಮನವರ ತಕರಾರು ಕಿವಿಯದು. ತಮ್ಮ ತಂದೆ ಕಿವಿಗೆ ಒಂಟಿ, ಎಂದರೆ ಗಂಡಸರ ಓಲೆ, ಹಾಕುತ್ತಿದ್ದರೆಂದು ತಾಯಿ ಹೇಳಿದ್ದು ಅವರಿಗೆ ಗಟ್ಟಿ ನೆನಪು. ಹಳೆಯ ಚಿಕ್ಕ ಚಿತ್ರದಲ್ಲಿ ಅದು ಗಮನಕ್ಕೆ ಬಂದಿರಲಿಲ್ಲ. ಮಗ ದೊಡ್ಡದು ಮಾಡಿಸಿ ತಂದಾಗ ಅಧಿಕಾರಿಯ ಕಿವಿ ಹಪ್ಪಳದಷ್ಟು ದೊಡ್ಡದಾಗಿ ಕಣ್ಣಿಗೆ ಬಿತ್ತು. ಅದರಲ್ಲಿ ತೂತೇ ಇರಲಿಲ್ಲ.

"ಕಣ್ಗೆ ಪೊರೆ ಬಂದು ಎಲ್ಲಾ ಮಂಜುಮಂಜಾಗ್ತಾ ಅದೆ ಸ್ವಾಮಿ," ಎಂದರು. "ಬರೋ ಪಕ್ಷಕ್ಕೆ ಇರ್ತೀನೋ ಇಲ್ವೋ. ಒಂದ್ ಸಲನಾದ್ರೂ ನಮ್ಮಪ್ಪುಂಗೆ ನಾನು ಎಡೆ ಇಕ್ಬೇಕು. ಇಷ್ಟ್ ದಿನ ಯಾರ್ಗೋ ಇಕ್ಕಿ, ಅವ್ರು ಹಸ್ಕೊಂಡೇ ಕೂತಿದ್ರೆ?"

ಪಿತೃಪಕ್ಷದ ಎಡೆಯೆಂದರೆ ಏನೆಂದು ಬಲ್ಲವರಿಗೆ ಈ ಮಾತಿನ ಭಾರ ತಿಳಿದೀತು. ಸತ್ತವರ ಮೆಚ್ಚಿನ ಅಡಿಗೆಯನ್ನೆಲ್ಲ ಎಲೆಗೆ ಬಡಿಸಿ, ಧೂಪ ಹಾಕಿ, ಅವರು ನಿಶ್ಚಿಂತೆಯಿಂದ ಬಂದು ಉಣ್ಣಲೆಂದು ಎಲ್ಲರೂ ಹೊರಗೆ ಬಂದು ಬಾಗಿಲೆಳೆದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಬರುವ ಆ ಹಿರಿಯರು ತಮ್ಮ ಎಲೆಯ ಮುಂದೆ ಬೇರೊಬ್ಬರು ಕೂತಿರುವುದನ್ನು ಕಂಡು ಹಾಗೇ ಹೋದರೆ?

ತಾಯಿ ಬೇರೆ ಏನಾದರೂ ಹೇಳಿದ್ದರೇ ಎಂದು ಕೇಳಿದೆ. ನಿಂಗಮ್ಮನವರು ತಡವರಿಸಲಿಲ್ಲ. ಎಡ ಬಲ ತಿಳಿಯದ ಮಗುವಿಗೆ ತಾಯಿ ಚಿತ್ರದ ಮುಂದೆ ನಿಲ್ಲಿಸಿ ಹೇಳಿಕೊಟ್ಟ ಮಾತನ್ನು ಇದ್ದ ಹಾಗೇ ಒಪ್ಪಿಸಿದರು: "ನೀನು ಉಣ್ಣೋ ಕೈ ಕಡೆ ಇರೋನು ನಿಮ್ಮಪ್ಪ. ಇನ್ನೊಂದ್ ಕಡೆ ಇರೋರು ನಾಗಮಂಗಲದ ಜಮಾದಾರ್ರು. ಇಬ್ರೂ ಒಂದ್ ತಟ್ಟೇಲಿ ಉಂಡೋರು."

"ಅದ್ಕೇ ಕಣವ್ವ ನಾ ಯೋಳೋದು," ಎಂದು ಪುಟ್ಟಸ್ವಾಮಿ ನಡುವೆ ಬಂದರು. "ಉಣ್ಣೋ ಕೈ ಕಡೆ ಇರೋರು ಕತ್ತಿ ಕಟ್ಟಿರೋ ಕ್ಯಾಪ್ಟನ್ನು. ಈ ಕಡೆ ಬಡಕಲು ಜಮಾದಾರ. ಕತ್ತಿ ಕಟ್ಕೊಂಡು ಜಮಾದಾರ ಬತ್ತಾನಾ? ಪೊರಕೆ ಹಿಡ್ಕೊಂಡು ಬತ್ತಾನೆ."

ಇಲ್ಲಿ ನಾನು ಒಂದು ಪದದ ಪರವಾಗಿ ವಕಾಲತ್ತು ವಹಿಸಬೇಕಾಯಿತು. ನಮ್ಮ ಊರುಗಳಲ್ಲಿ ಜಮಾದಾರನೆಂದರೆ ಬೀದಿ ಗುಡಿಸುವವರ ಮೇಸ್ತ್ರಿ; ದಫೇದಾರನೆಂದರೆ ಡಿ.ಸಿ. ಸಾಹೇಬರ ಬಾಗಿಲಲ್ಲಿ ಕೆಂಪು ಪಟ್ಟಿ ಹಾಕಿಕೊಂಡು ನಿಲ್ಲುವವನು. ಆದರೆ ಅವೆರಡೂ ಸೈನ್ಯದ ಪದಗಳು. ಕುದುರೆ ಪಡೆಯಲ್ಲಿ ತೋಳಿನ ಮೇಲೆ ಮೂರು ಪಟ್ಟಿ ಧರಿಸಿದವನು ದಫೇದಾರ. ಅವನಿಗಿಂತ ಮೇಲೆ, ಕತ್ತಿ ಕಟ್ಟುವ, ಸಿಪಾಯಿಗಳಿಂದ ಸಲಾಮು ಪಡೆಯುವ ಅಧಿಕಾರಿ ಜಮಾದಾರ. ಪದಗಳೂ ನಿವೃತ್ತವಾಗುತ್ತವೆ, ಸೈನ್ಯದಿಂದ ಬಂದ ಮೇಲೆ ಹೊಟ್ಟೆಪಾಡಿಗೆ ಬ್ಯಾಂಕಿನ ಬಾಗಿಲು ಕಾಯುವವರಂತೆ ಎಲ್ಲಾದರೂ ಸಣ್ಣ ಕೆಲಸಕ್ಕೆ ಸೇರಿಕೊಳ್ಳುತ್ತವೆ. ಅವುಗಳ ಹಿಂದಿನ ಕಥೆ ಯಾರೂ ಕೇಳುವುದಿಲ್ಲ.

ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ನಾನೇ ಒಂದು ಗುಂಡಿಯಲ್ಲಿ ಬಿದ್ದಿದ್ದೆ. ಅಧಿಕಾರಿಯೇ ಜಮಾದಾರನಾದರೆ ಅವನು 'ಇನ್ನೊಂದು ಕಡೆ' ಇರಬೇಕು. ಚಿತ್ರದಲ್ಲಿ ಅವನು ಉಣ್ಣುವ ಕೈಯ ಕಡೆಗಿದ್ದಾನೆ. ಒಂದೋ ತಾಯಿಯ ಮಾತು ತಪ್ಪು, ಇಲ್ಲವೇ ಚಿತ್ರ ತಪ್ಪು. ಚಿತ್ರ ತಪ್ಪಾಗುವುದೆಂದರೇನು? ಅಜ್ಜಿಯೇ ತಪ್ಪಾಗಿ ಹೇಳಿರಬೇಕೆಂದು ಪುಟ್ಟಸ್ವಾಮಿ ಮೆಲ್ಲಗೆ ಸೂಚಿಸಿದರು.

ನಿಂಗಮ್ಮನವರ ಕೈಯಲ್ಲಿದ್ದ ಅವರೆಕಾಯಿ ನಿಂತಿತು. "ಯಾಕ್ಲಾ, ನಮ್ಮವ್ವುಂಗೆ ತನ್ ಗಂಡನ ಗುರ್ತು ಸಿಕ್ಕದೆ ಹೋಯ್ತಾ? ನೀನ್ ಹುಟ್ದಾಗ ನನ್ ಗುರ್ತು ನಿಂಗಿತ್ತಾ?" ಎಂದರು. ಮಗ ಹಸುವಿಗೆ ನೀರು ಕುಡಿಸುವ ನೆಪದಲ್ಲಿ ಎದ್ದು ಹೋದರು.

ಹೊರಡುವ ಮುಂಚೆ ಕಾಫಿ ಬಂತು. ಲೋಟ ಕೊಡುತ್ತಾ ನಿಂಗಮ್ಮನವರು ಚಿತ್ರದ ಪಟೇಲನನ್ನು ಬೈದರು. ಅದು ಆ ಮನೆಯ ವಾಡಿಕೆಯೆಂದು ಆಮೇಲೆ ತಿಳಿಯಿತು. ಪ್ರತಿವರ್ಷ ಗಾಜು ಒರೆಸುವಾಗ ಅವನಿಗೆ ಎರಡು ಮಾತು ಸಲ್ಲುತ್ತಿತ್ತಂತೆ. ನನಗೆ ಕುಲಾಭಿಮಾನ ಕೆರಳಿತು. ನಾನೂ ಎಡಚನೇ ಎಂದೂ, ಅದು ಹುಟ್ಟುಗುಣವೆಂದೂ, ಪಾಪ ಅವನದೇನು ತಪ್ಪೆಂದೂ ವಾದಿಸಿದೆ.

"ನೀವು ಮರ್ತು ಇಸ್ಕೊಂಡ್ರೆ ಅದು ಬ್ಯಾರೆ," ಎಂದರು ಆಕೆ. "ಆದ್ರೆ ಪಟೇಲ ಅನ್ನೋನು ಊರ್ ಜನದ್ ಮುಂದೆ ಎಡಗೈಲಿ ನಿಂಬೆಹಣ್ ಕೊಟ್ರೆ, ಇಸ್ಕೊಳೋನು ಇಂಗೆ ನಗ್ತಾ ಕೂತಿರ್ತಾನಾ? ಕಪಾಳಕ್ ಬಿಟ್ಟಿರೋನು."

ಈ ಮಾತು ನನ್ನ ಜೊತೆ ಬಸ್ಸು ಹತ್ತಿತು, ಮನೆಗೆ ಬಂತು. ಆದರೂ ನನಗೆ ಹೊಳೆಯಲಿಲ್ಲವೆಂದು ನಾಚಿಕೆಯಿಂದ ದಾಖಲಿಸುತ್ತೇನೆ. ಹೊಳೆದದ್ದು ಮಾರನೆಯ ಬೆಳಗ್ಗೆ, ಗಡ್ಡ ಹೆರೆಯುವಾಗ. ಆ ಕೆಲಸಕ್ಕೆ ನನ್ನ ಪಾಳೇಗಾರನೇ ಇಳಿಯುತ್ತಾನೆಂದು ಹೇಳಿದೆನಷ್ಟೆ. ಕನ್ನಡಿಯತ್ತ ನೋಡಿದೆ. ಅಲ್ಲಿ ನನ್ನಂತೆಯೇ ಇರುವ ಒಬ್ಬ ಸಭ್ಯ ಗೃಹಸ್ಥ, ನನ್ನ ಅಜ್ಜಿ ನೋಡಿದ್ದರೆ ಕಣ್ತುಂಬಿಕೊಳ್ಳುವಷ್ಟು ಶಿಸ್ತಾಗಿ, ಬಲಗೈಯಲ್ಲಿ ಕ್ಷೌರ ಮಾಡಿಕೊಳ್ಳುತ್ತಿದ್ದ.

ಅರ್ಧ ಕೆನ್ನೆಯ ನೊರೆಯೊಂದಿಗೇ ಓಡಿಹೋಗಿ ಫೋಟೋ ತಂದು ಕನ್ನಡಿಯ ಮುಂದೆ ಹಿಡಿದೆ. ಕುರ್ಚಿಗಳು ಅದಲುಬದಲಾದವು. ಕತ್ತಿ ಎಡಕ್ಕೆ ಬಂತು. ಪದಕಗಳು ತಮ್ಮ ಒಡೆಯನ ಎಡ ಎದೆಗೆ ಮರಳಿದವು. ಅವು ಯಾವ ಮೃತ ಬಂಧುವಿನವೂ ಆಗಿರಲಿಲ್ಲ, ಅವರೇ ಗಳಿಸಿದ್ದವು. ಪಟೇಲನು ಬಲಗೈಯಲ್ಲಿ, ಎಡಗೈಯನ್ನು ಮೊಣಕೈಗೆ ತಾಗಿಸಿ, ಲಕ್ಷಣವಾಗಿ ನಿಂಬೆಹಣ್ಣು ಕೊಡುತ್ತಿದ್ದ. ನಗುತ್ತಿದ್ದ ಅಧಿಕಾರಿ 'ಇನ್ನೊಂದು ಕಡೆ'ಗೆ ಹೋಗಿದ್ದರು. ಉಣ್ಣುವ ಕೈಯ ಕಡೆ ಕೂತಿದ್ದವರು ಮೂರು ಪಟ್ಟಿಯ ತೆಳ್ಳನೆಯ ಮನುಷ್ಯ.

ನಡೆದದ್ದು ಇಷ್ಟೆ. ವರ್ಷಾನುಗಟ್ಟಲೆ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ಮೂಲ ಫೋಟೋಗೆ ಗೆದ್ದಲು ಹಿಡಿದಾಗ ನಿಂಗಮ್ಮನವರ ಗಂಡ ಅದನ್ನು ಕೆ.ಆರ್. ಪೇಟೆಗೆ ಒಯ್ದು ಪ್ರತಿ ಮಾಡಿಸಿದ್ದರು. ಆ ವೇಳೆಗೆ ಆಕೆಯ ತಾಯಿ ತೀರಿಹೋಗಿದ್ದರು. ಪ್ರತಿ ತೆಗೆದವನು ಫಿಲಮನ್ನು ಮಗುಚಿ ಇಟ್ಟಿದ್ದ. ಚಿತ್ರದಲ್ಲಿ ಒಂದಾದರೂ ಅಕ್ಷರವಿದ್ದಿದ್ದರೆ ತಿರುವುಮುರುವಾದದ್ದು ಕೂಡಲೇ ತಿಳಿಯುತ್ತಿತ್ತು. ಮನುಷ್ಯರು ಮಾತ್ರ ಇದ್ದರು, ಮನುಷ್ಯರು ಹೇಗೆ ಮಗುಚಿದರೂ ಮನುಷ್ಯರಂತೆಯೇ ಕಾಣುತ್ತಾರೆ. ಮೂಲ ಗೆದ್ದಲ ಪಾಲಾಯಿತು. ಪರಿಶೀಲಿಸದೆ ನಂಬುವುದು ನನ್ನ ಜಾಯಮಾನವಲ್ಲವಾಗಿ ಕೆ.ಆರ್. ಪೇಟೆಗೂ ಹೋಗಿಬಂದೆ. ಸ್ಟುಡಿಯೊ ಇದ್ದ ಜಾಗದಲ್ಲಿ ಈಗ ಬೇಕರಿ. ಬರಿಗೈಯಲ್ಲಿ ಬರಬಾರದೆಂದು ಬೆಣ್ಣೆಬಿಸ್ಕತ್ತು ತಂದೆ. ಸುಶೀಲ ಅದೊಂದನ್ನು ಮಾತ್ರ ನನ್ನ ಕ್ಷೇತ್ರಕಾರ್ಯದ ನಿಜವಾದ ಫಲವೆಂದು ಒಪ್ಪಿದಳು.

ನನ್ನ ದುಃಖವನ್ನು ಮಾತ್ರ ಯಾರೂ ಕೇಳಲಿಲ್ಲ. ಚರಿತ್ರೆಯಲ್ಲಿ ಕಷ್ಟಪಟ್ಟು ಸಂಪಾದಿಸಿದ್ದ ಇಬ್ಬರು ಎಡಚ ಬಂಧುಗಳನ್ನು ಒಂದೇ ಬೆಳಗ್ಗೆ ಕಳೆದುಕೊಂಡೆ. ಅಡಿಟಿಪ್ಪಣಿಗಳನ್ನು ಹರಿದು ಹಾಕಿದೆ.

ಒಂದು ಸಾಕ್ಷಿ ಸಾಕ್ಷಿಯಲ್ಲ ಎಂಬುದು ನನ್ನ ಗುರುಗಳ ಪಾಠ. ಅಧಿಕಾರಿಯನ್ನು ಗುರುತಿಸದೆ ದಫೇದಾರರನ್ನು ಖಚಿತಪಡಿಸುವಂತಿಲ್ಲ. ಆದ್ದರಿಂದ ನಾಗಮಂಗಲದ ಬಸ್ಸು ಹತ್ತಿದೆ. ಕಬ್ಬಿನ ಹಸಿರು ಹಿಂದುಳಿದು ರಾಗಿಯ ಹೊಲಗಳೂ ತೆಂಗಿನ ಸಾಲುಗಳೂ ಬಂದವು. ಬಸ್ ನಿಲ್ದಾಣದಲ್ಲಿ ಎಳನೀರು ಮಾರುವವನನ್ನು ಜಮಾದಾರರ ಮನೆ ಎಲ್ಲೆಂದು ಕೇಳಿದೆ. ಅವನು ನನ್ನ ಕೈಚೀಲವನ್ನೂ ಕನ್ನಡಕವನ್ನೂ ನೋಡಿ, "ಯಾಕ್ ಸಾರ್, ಕಸದ ಗಾಡಿ ಬರ್ಲಿಲ್ವಾ ನಿಮ್ ಬೀದಿಗೆ?" ಎಂದು ಪುರಸಭೆಯ ದಾರಿ ತೋರಿಸಿದ. ಪುರಸಭೆಯ ಮುಂದೆ ಬೀಡಿ ಸೇದುತ್ತಿದ್ದ ಮುದುಕರೊಬ್ಬರಿಗೆ, ಹಾಗಲ್ಲ, ಮಿಲಿಟರಿ ಜಮಾದಾರರು, ಬಹಳ ಹಿಂದಿನವರು ಎಂದು ವಿವರಿಸಿದಾಗ ಅವರು, "ಅಂಗಾದ್ರೆ ಬಷೀರ್ ಸಾಬ್ರ ಮಂಡಿಗೋಗಿ. ಅವ್ರ ಮನೆ ಹೆಸ್ರೇ ಜಮಾದಾರ್ ಮನೆ," ಎಂದರು.

ಬಷೀರ್ ಸಾಹೇಬರು ತೆಂಗಿನಕಾಯಿಯ ರಾಶಿಯ ಮುಂದೆ ಕೂತು, ಒಂದೊಂದನ್ನೇ ಬೆರಳಿನಿಂದ ತಟ್ಟಿ ಕಿವಿಗೆ ಹಿಡಿದು ಬೇರೆ ಮಾಡುತ್ತಿದ್ದರು. ನಾನು ಫೋಟೋ ತೋರಿಸಲಿಲ್ಲ. ತೋರಿಸಿ ಕೇಳಿದರೆ ಯಾರಾದರೂ ಇವರೇ ನಮ್ಮಜ್ಜ ಎಂದಾರು. ಮೊದಲು ಅವರ ಅಜ್ಜನ ವಿಷಯ ಹೇಳಿರೆಂದೆ. ಹುಸೇನ್ ಸಾಬ್, ಕುದುರೆ ಪಡೆಯ ಜಮಾದಾರ್, ದೊಡ್ಡ ಯುದ್ಧಕ್ಕೆ ಹಡಗಿನಲ್ಲಿ ಹೋಗಿ ಬಂದವರು. ಮನೆಯಲ್ಲಿ ಅವರ ಚಿತ್ರವೊಂದೂ ಇಲ್ಲ. ಮುಖ ಕಂಡವರು ಯಾರೂ ಉಳಿದಿಲ್ಲ. ಗುರುತೇನಾದರೂ ಇತ್ತೆ?

"ನಮ್ಮ ಅಬ್ಬಾ ಹೇಳೋರು," ಎಂದರು ಬಷೀರ್ ಸಾಹೇಬರು, ತಮ್ಮ ಎಡಗೈಯ ಕಿರುಬೆರಳನ್ನು ಮಡಿಸಿ ತೋರಿಸುತ್ತಾ. "ದಾದಾಗೆ ಈ ಬೆರಳು ಅರ್ಧ ಇರಲಿಲ್ಲ. ಕುದುರೆ ಕಚ್ಚಿಬಿಟ್ಟಿತ್ತಂತೆ. ಯುದ್ಧದಲ್ಲಿ ಏನೂ ಆಗಲಿಲ್ಲ, ಲಾಯದಲ್ಲಿ ಆಯ್ತು ಅಂತ ನಗೋರಂತೆ."

ಸರಿಪಡಿಸಿ ಅಚ್ಚು ಹಾಕಿಸಿದ್ದ ಫೋಟೋವನ್ನು ಚೀಲದಿಂದ ತೆಗೆದೆ. ಭೂತಗನ್ನಡಿ ಹಿಡಿದು ನೋಡಿದೆ. ಕತ್ತಿಯ ಹಿಡಿಯ ಮೇಲೆ ಒರಗಿದ್ದ ಎಡಗೈಯಲ್ಲಿ ನಾಲ್ಕು ಬೆರಳುಗಳು ಪೂರ್ತಿಯಿದ್ದವು. ಕಿರುಬೆರಳು ನಡುವಿಗೇ ಮುಗಿದಿತ್ತು. ಇಷ್ಟು ದಿನ ಅದನ್ನು ನಾನು ನೆರಳೆಂದು ಭಾವಿಸಿದ್ದೆ. ಕ್ಯಾತನಹಳ್ಳಿಯ ತಾಯಿಯೊಬ್ಬಳು ಮಗುವಿಗೆ ಹೇಳಿದ ಮಾತೂ, ನಾಗಮಂಗಲದ ತಂದೆಯೊಬ್ಬ ಮಗನಿಗೆ ಹೇಳಿದ ಮಾತೂ ಒಂದನ್ನೊಂದು ಅರಿಯದೆ ಇಲ್ಲಿ ಬಂದು ಕೂಡಿಕೊಂಡವು. ಬಷೀರ್ ಸಾಹೇಬರು ಅಂಗೈಯನ್ನು ಲುಂಗಿಗೆ ಚೆನ್ನಾಗಿ ಒರೆಸಿಕೊಂಡು ಚಿತ್ರ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. "ನಗ್ತಾ ಇದ್ದಾರೆ," ಎಂದಷ್ಟೇ ಹೇಳಿದರು. ಮಂಡಿಗೆ ಬಂದ ಗಿರಾಕಿಯೊಬ್ಬ ಕಾಯಿಯ ಧಾರಣೆ ಕೇಳಿ, ಉತ್ತರ ಬಾರದೆ, ಪಕ್ಕದಂಗಡಿಗೆ ಹೋದ.

ಎಡೆಯ ವಿಷಯ ಹೇಳಬೇಕೋ ಬಾರದೋ ಎಂದು ಅನುಮಾನಿಸಿದೆ. ಸತ್ಯವನ್ನು ಅರ್ಧ ಕೊಡುವುದು ಸರಿಯಲ್ಲವೆಂದು ಹೇಳಿಬಿಟ್ಟೆ. ಬಷೀರ್ ಸಾಹೇಬರು ಮೊದಲು ಹುಬ್ಬೇರಿಸಿದರು, ಆಮೇಲೆ ಭುಜ ಕುಲುಕುವಂತೆ ನಕ್ಕರು.

"ಐವತ್ತು ವರ್ಷ ದಾದಾಗೆ ಅಲ್ಲಿ ದಾವತ್ ನಡೀತಿತ್ತಾ? ಅದಕ್ಕೇ ನೋಡಿ ಸಾಬ್, ದಾದಾ ಕನಸಲ್ಲಿ ಒಂದು ದಿನಾನೂ ಬಂದಿಲ್ಲ ಅಂತ ನಮ್ಮ ಅಬ್ಬಾ ಕೊರಗೋರು."

ಇನ್ನು ಉಳಿದದ್ದು ಪುಟ್ಟಸ್ವಾಮಿಗೆ ತಿಳಿಸುವ ಕೆಲಸ. ಅವರ ಮುಖ ಸಣ್ಣಗಾಯಿತು. ಕ್ಯಾಪ್ಟನ್ನೂ ಇಲ್ಲ, ಕತ್ತಿಯೂ ಇಲ್ಲ, ಮೂರು ಪಟ್ಟಿಯ ದಫೇದಾರ. ಪಡೆಯ ನಿಜವಾದ ಬೆನ್ನೆಲುಬು ದಫೇದಾರನೇ, ಸವಾರರಿಗೆ ಕುದುರೆ ಹತ್ತಲು ಕಲಿಸುವವನು ಅವನೇ ಎಂದೆಲ್ಲ ವಿವರಿಸಿದೆ. "ಅದೆಲ್ಲಾ ಸರಿ ಸಾರ್," ಎಂದರು. "ದಫೇದಾರ್ ನಿಲಯ ಅಂತ ಬರೆಸಿದ್ರೆ, ಡಿಸಿ ಸಾಹೇಬ್ರು ಒಳಗವ್ರಾ ಅಂತ ಕೇಳ್ಕೊಂಡು ಜನ ಬತ್ತಾರೆ." ತೋಳಿನ ಪಟ್ಟಿಗಳನ್ನು ನೋಡಿ, ನಮ್ಮ ಕ್ಯಾಪ್ಟನ್ ಗಿರಿಗೆ ಅಜ್ಜನೇ ಮೂರು ನಾಮ ಹಾಕಿಬಿಟ್ಟ ಎಂದು ನಿಟ್ಟುಸಿರಿಟ್ಟರು. ಕಲ್ಲಿನ ಮಾತು ಅಂದು ಎತ್ತಲಿಲ್ಲ.

ಪಿತೃಪಕ್ಷದ ದಿನ ನನಗೂ ಕರೆ ಬಂತು. ಹೋದಾಗ ಗೇಟಿನ ಬೋರ್ಡು ಇರಲಿಲ್ಲ; ಕೊಟ್ಟಿಗೆಯ ಗೋಡೆಗೆ ಮುಖ ಮಾಡಿ ಒರಗಿತ್ತು. ಕೇಳುವ ಮೊದಲೇ ಪುಟ್ಟಸ್ವಾಮಿ, "ಬಣ್ಣ ಹೊಡ್ಸೋಕೆ ತೆಗ್ದಿವ್ನಿ ಅಷ್ಟೆ," ಎಂದರು. ಜಲಪಾತದ ಚಿತ್ರವೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಬಷೀರ್ ಸಾಹೇಬರು ಒಂದು ಮೂಟೆ ತೆಂಗಿನಕಾಯಿಯೊಂದಿಗೆ ಬಂದಿಳಿದರು. ಅವರನ್ನು ಕರೆಸಿದ್ದು ತಾನೇ ಎಂಬುದನ್ನು ಪುಟ್ಟಸ್ವಾಮಿ ನನಗೆ ಹೇಳಿರಲಿಲ್ಲ.

ನಿಂಗಮ್ಮನವರು ಬಷೀರ್ ಸಾಹೇಬರನ್ನು ಹತ್ತಿರ ಕೂರಿಸಿಕೊಂಡರು. ಅವರಿಗೆ ಒಂದು ಚಿಂತೆ ಕಾಡುತ್ತಿತ್ತು. ಬಾಡಿನ ಸಾರು, ಮುದ್ದೆ, ಕಜ್ಜಾಯ ಇಕ್ಕಿದ್ದಕ್ಕೆ ಬೇಸರವಿಲ್ಲ. ಆದರೆ ತಂದೆಗೆ ಪ್ರಿಯವೆಂದು ಪ್ರತಿವರ್ಷ ಒಂದು ಲೋಟ ಸಾರಾಯಿಯನ್ನೂ ಇಡುತ್ತಿದ್ದರು.

"ನಿಮ್ಮಜ್ಜುನ್ ಮುಂದೆ ಅದ್ನೂ ಇಟ್ಬುಟ್ಟಿದ್ದೀನಿ ಕಣಪ್ಪ. ತಪ್ಪಾಯ್ತೇನೋ," ಎಂದರು ಮೆಲ್ಲಗೆ.

"ತಪ್ಪೇನಿಲ್ಲ ಬಿಡಿ ಅಮ್ಮಾ," ಎಂದರು ಬಷೀರ್ ಸಾಹೇಬರು. "ದಾದಾ ಅದನ್ನ ಮುಟ್ಟಿರಲ್ಲ. ಪಕ್ಕದ ಕುರ್ಚೀಲಿ ನಿಮ್ಮಪ್ಪ ಕೂತಿದ್ರಲ್ಲ, ಅವರ ಕಡೆಗೆ ತಳ್ಳಿರ್ತಾರೆ. ಒಂದೇ ತಟ್ಟೇಲಿ ಉಂಡೋರು ಅಂದ್ರಂತಲ್ಲ. ಹಂಚ್ಕೊಂಡೇ ತಿಂದಿರ್ತಾರೆ."

ನಿಂಗಮ್ಮನವರು ಗೋಡೆಯ ಕಡೆ ತಿರುಗಿದರು. "ಅಂಗಾದ್ರೆ ಹಸ್ಕೊಂಡಿರ್ಲಿಲ್ಲ," ಎಂದರು. ಯಾರನ್ನೂ ಕೇಳಿದ ಹಾಗಿರಲಿಲ್ಲ. ಆಮೇಲೆ ಸೊಸೆಯನ್ನು ಕೂಗಿ ಚಿತ್ರದ ಮುಂದೆ ಇನ್ನೊಂದು ಎಲೆ ಹಾಕಿಸಿದರು.

ಸರಿಪಡಿಸಿದ ಫೋಟೋವನ್ನು ಅದೇ ಹಳೆಯ ಕಟ್ಟಿಗೆ ಹಾಕಿ, ಅದೇ ಮೊಳೆಗೆ ತೂಗುಹಾಕಿದ್ದರು. ಎಡೆ ಬಡಿಸಿ, ಧೂಪದ ಹೊಗೆ ತುಂಬಿತು. ಬೊಟ್ಟಿಡುವ ಹೊತ್ತಾಯಿತು. ಕುಂಕುಮದ ಬಟ್ಟಲು ಹಿಡಿದು ನಿಂಗಮ್ಮನವರು ಚಿತ್ರದ ಮುಂದೆ ನಿಂತರು. ಪೊರೆಗಣ್ಣಿಗೆ, ಅದೂ ಹೊಗೆಯಲ್ಲಿ, ಮುಖಗಳು ಕಾಣುವಂತಿರಲಿಲ್ಲ. ಪುಟ್ಟಸ್ವಾಮಿ, "ಕೈ ಹಿಡ್ಕೊಂಡು ತೋರ್ಸ್ಲಾ ಅವ್ವ?" ಎಂದರು. ಅವರು ಬೇಡವೆಂದು ತಲೆಯಾಡಿಸಿದರು. ನನಗೆ ಭಯವಾಯಿತು. ಐವತ್ತು ವರ್ಷ ಒಂದೇ ಜಾಗಕ್ಕೆ ಹೋದ ಕೈ ಅದು. ರೂಢಿಯೆಂಬುದು ಎಷ್ಟು ಬಲವಾದದ್ದೆಂದು ನನ್ನ ಎಡಗೈಯನ್ನು ಕೇಳಿ. ಆ ಬೆರಳು ಹಳೆಯ ಜಾಗಕ್ಕೇ ಹೋದರೆ ಗತಿಯೇನು?

ಹಳೆಯ ಜಾಗಕ್ಕೇ ಹೋಯಿತು. ಪ್ರತಿವರ್ಷ ಹೋಗುತ್ತಿದ್ದಂತೆ, ಗಾಜನ್ನು ತಡವುತ್ತಾ, ತಾಯಿ ಹೇಳಿಕೊಟ್ಟ ಉಣ್ಣುವ ಕೈಯ ಕಡೆಗೇ ಹೋಯಿತು. ಅಲ್ಲಿ ಈಗ ರುಮಾಲಿನ ನೆರಳಿನಲ್ಲಿ ತೆಳ್ಳನೆಯ ಮನುಷ್ಯ ಕೂತಿದ್ದ. ಬೊಟ್ಟು ಅವನ ಹಣೆಯ ಮೇಲೆ ನಿಂತಿತು.

"ಇಲ್ಲೇ ಅಲ್ವಾ?" ಎಂದರು, ಬೆರಳನ್ನು ತೆಗೆಯದೆ.

ಯಾವ ಕಾಲವನ್ನೂ 'ಸುಮಾರು' ಎಂಬ ಮಾತಿಲ್ಲದೆ ಬರೆಯದ ನಾನು, ಇಲ್ಲೇ ಎಂದೆ.

ಅವರು ಇನ್ನೊಂದು ಬೊಟ್ಟನ್ನು ನಗುವವರಿಗೂ ಇಟ್ಟರು. ಎಲ್ಲರೂ ಹೊರಗೆ ಬಂದೆವು. ಪುಟ್ಟಸ್ವಾಮಿ ಬಾಗಿಲನ್ನು ಮೆಲ್ಲಗೆ, ಒಳಗೆ ಯಾರೋ ಊಟಕ್ಕೆ ಕೂತಿದ್ದಾರೆಂಬಂತೆ, ಎಳೆದುಕೊಂಡರು.